ಇಬ್ಬರಿಗೆ ಏಳು ಸೀಟು ಯಾಕೆ ಅಂತ ಕೇಳಿದವರಿಗೆ

ನನ್ನ ತಮ್ಮ, ಅವನ ಹೆಂಡತಿ ಕಳೆದ ವಾರ ಸೆಕೆಂಡ್ ಹ್ಯಾಂಡ್ ಎರ್ಟಿಗಾ ತಗೊಂಡ್ರು. ಇನ್ನೂ ಮಕ್ಕಳಾಗಿಲ್ಲ. ಫೋಟೋ ನೋಡಿದ ನಮ್ಮ ಆಫೀಸಿನವರೊಬ್ಬರು ನಕ್ಕರು: "ಇಬ್ಬರಿಗೆ ಇಷ್ಟು ದೊಡ್ಡ ಕಾರಾ? ಬಿಡಿ, ನಿಮ್ಮೋರಿಗೆ ಎಲ್ಲಾ ಸರ್ಕಾರನೇ ಕೊಡುತ್ತಲ್ಲ!"

ಸ್ವಾಮಿ, ಕೊಟ್ಟಿದ್ದು ಬ್ಯಾಂಕು. ಐದು ವರ್ಷ ಕಂತು ಕಟ್ಟೋನು ನನ್ನ ತಮ್ಮ.

1901ರಲ್ಲಿ ಮಸೂರು ಸ್ಟೇಷನ್ನಿನಲ್ಲಿ ಇಳಿದ ಬಾಲಕ ಭೀಮರಾವ್‌ನನ್ನು ಕರೆದೊಯ್ಯಲು ಗಾಡಿಯವರು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಎತ್ತಿನ ಗಾಡಿ ಹೊಡೆದರು. 1929ರಲ್ಲಿ, ಬ್ಯಾರಿಸ್ಟರ್ ಆದ ಮೇಲೂ, ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಒಪ್ಪಲಿಲ್ಲ. ಅಭ್ಯಾಸವಿಲ್ಲದ ನಮ್ಮವನೊಬ್ಬ ಟಾಂಗಾ ಹೊಡೆದ. ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರಿಯಿತು.

ನಾನು ಹುಟ್ಟುವಾಗ ನಮ್ಮೂರಲ್ಲಿ ಜೀಪ್ ಇತ್ತು. ನಮ್ಮ ಕೇರಿಗೆ ಬರಲಿಲ್ಲ. ನೋವು ತಿನ್ನುತ್ತಿದ್ದ ಅವ್ವನನ್ನು ಮಂಚದ ಮೇಲೆ ಮಲಗಿಸಿ ನಾಲ್ಕು ಜನ ಹೊತ್ತುಕೊಂಡು ಹೋದರು.

ಈಗ ಸೀಟು ಎಣಿಸಿ. ಬಸುರಿ, ಅವಳ ಗಂಡ, ಜೊತೆಗೆ ಅವ್ವ, ಅತ್ತೆ. ಉಳಿದ ಮೂರು ಸೀಟು ಕೇರಿಯವರಿಗೆ. ರಾತ್ರಿ ಯಾರ ಮನೇಲಿ ನೋವು ಶುರುವಾದರೂ ಇನ್ನು ಯಾರ ಬಾಗಿಲೂ ತಟ್ಟಬೇಕಿಲ್ಲ.

ತಮ್ಮಂದಿರಾ, ತಂಗಿಯರಾ, ಹೊಟ್ಟೆ ದೊಡ್ಡದಾದ ಮೇಲೆ ಅವಸರದಲ್ಲಿ ಕಾರು ಹುಡುಕಿದರೆ ಮೋಸ ಹೋಗ್ತೀರಿ. ಈಗಲೇ ನೋಡಿ. ಮೂರನೇ ಸಾಲಲ್ಲಿ ನೀವೇ ಕೂತು ನೋಡಿ. ಸರ್ವಿಸ್ ದಾಖಲೆ ಕೇಳಿ. ಹಳೇ ಸಾಲ ಇದ್ದರೆ ತೀರಿದ್ದಕ್ಕೆ ಫಾರಂ 35, ಹೆಸರು ಬದಲಾವಣೆಗೆ 29 ಮತ್ತು 30 ಸಹಿ ಹಾಕಿಸಿಕೊಳ್ಳದೆ ಪೂರ್ತಿ ದುಡ್ಡು ಕೊಡಬೇಡಿ.

ನಗೋರು ನಗಲಿ. ಆರ್‌ಸಿಯಲ್ಲಿ ನಮ್ಮ ಹೆಸರಿರಲಿ.

ಜೈ ಭೀಮ್.