ಇಲ್ಲದ ಮೇಜು

ರಜೆಯ ದಿನಗಳು ಬಂದವೆಂದರೆ ನಮ್ಮ ವಾಚಕಬಂಧುಗಳಿಂದ ಮಕ್ಕಳ ಆಟಪಾಠಗಳ ಕುರಿತು ಪ್ರಶ್ನೆಗಳು ಬರತೊಡಗುವುವು. ಕಣ್ಣಿಗೆ ಕಟ್ಟಿಕೊಂಡು ಆಡುವ ಹೊಸ ಬಗೆಯ ಯಂತ್ರವನ್ನು ಮನೆಗೆ ತರಬಹುದೇ, ತರಕೂಡದೇ ಎಂಬುದು ಈ ಸಲದ ಪ್ರಶ್ನೆ. ಸ್ವತಃ ಅನುಭವಿಸದೆ ಉತ್ತರ ಕೊಡುವುದು ಉಪಾಧ್ಯಾಯ ವೃತ್ತಿಗೆ ಅಂಟಿಕೊಂಡ ದೋಷವು. ಈ ವಿಷಯದಲ್ಲಿ ಮಾತ್ರ ಆ ದೋಷಕ್ಕೆ ನಾನು ಪಾತ್ರನಲ್ಲ. ಎಡಗೈಯ ಮಣಿಕಟ್ಟಿಗೆ ಪ್ಲಾಸ್ಟರು ಹಾಕಿಸಿಕೊಂಡು, ಕಾಗದವು ಜಾರದಂತೆ ಅದರ ಮೇಲೊಂದು ಅಮರಕೋಶವನ್ನಿಟ್ಟು, ಈ ಸಾಲುಗಳನ್ನು ಬರೆಯುತ್ತಿರುವೆನು.

ದುಬೈಯಲ್ಲಿ ಉದ್ಯೋಗದಲ್ಲಿರುವ ನನ್ನ ಅಳಿಯನು ತನ್ನ ಮಗನಿಗೆಂದು ತಂದುಕೊಟ್ಟ ಈ ಯಂತ್ರವು, ಬೆಂಗಳೂರಿನಿಂದ ರಜೆಗೆ ಬಂದ ಆ ಹನ್ನೊಂದು ವರ್ಷದ ಹುಡುಗನ ಚೀಲದಲ್ಲಿ ಕುಳಿತು ಕುಂದಾಪುರದ ನಮ್ಮ ಮನೆಯನ್ನು ಹೊಕ್ಕಿತು. ಸುಮಾರು ಅರ್ಧ ಕಿಲೋ ತೂಕದ ಒಂದು ಮುಖವಾಡ, ತಲೆಯ ಹಿಂದಕ್ಕೆ ಬಿಗಿಯುವ ಪಟ್ಟಿ, ಎರಡು ಕೈಗಳಿಗೆ ಎರಡು ಹಿಡಿಗಳು, ಇಷ್ಟೇ. ಇದಕ್ಕೆ ವರ್ಚುವಲ್ ರಿಯಾಲಿಟಿ ಎನ್ನುವರು. ಹುಡುಗರ ಬಾಯಲ್ಲಿ ವೀಆರ್. ಮಿಥ್ಯಾವಾಸ್ತವವೆಂದು ಕನ್ನಡಿಸಿದವರೂ ಉಂಟು. ಮಿಥ್ಯೆಯನ್ನೂ ವಾಸ್ತವವನ್ನೂ ಒಂದೇ ಸಮಾಸದಲ್ಲಿ ಕಟ್ಟಿಹಾಕಿದ ಧೈರ್ಯವನ್ನು ಮೆಚ್ಚಿದೆನಾದರೂ, ನಮ್ಮ ಹಿರಿಯರ ‘ಕಣ್ಕಟ್ಟು’ ಎಂಬ ಮಾತೇ ಇದಕ್ಕೆ ಸಾಕಾಗಿತ್ತು. ಕಣ್ಣನ್ನು ನಿಜವಾಗಿಯೇ ಕಟ್ಟಿದ ಮೇಲಲ್ಲವೇ ಈ ಆಟ ತೊಡಗುವುದು!

ಇದರ ಮೂಲತತ್ತ್ವವು ಹೊಸತೇನೂ ಅಲ್ಲ. ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರುಗಳ ಅಂತರವಿರುವುದರಿಂದ ಒಂದೇ ವಸ್ತುವಿನ ತುಸು ಬೇರೆಬೇರೆಯಾದ ಎರಡು ಚಿತ್ರಗಳು ಮಿದುಳನ್ನು ಸೇರುತ್ತವೆ; ಆ ಭೇದದಿಂದ ದೂರ ಸಮೀಪಗಳ ಅರಿವಾಗುವುದು. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿದ್ವಾಂಸನು 1838ರಲ್ಲಿಯೇ ಎರಡು ಚಪ್ಪಟೆ ಚಿತ್ರಗಳನ್ನು ಕನ್ನಡಿಗಳ ಮೂಲಕ ಒಂದೊಂದು ಕಣ್ಣಿಗೆ ಒಂದೊಂದಾಗಿ ತೋರಿಸಿ, ಆಳವಿಲ್ಲದ ಕಡೆ ಆಳವನ್ನು ಕಾಣಿಸಿದ್ದನು. 1968ರಲ್ಲಿ ಅಮೆರಿಕದ ಐವನ್ ಸದರ್ಲೆಂಡ್ ಎಂಬವರು, ತಲೆಯನ್ನು ತಿರುಗಿಸಿದಂತೆ ಚಿತ್ರವೂ ಬದಲಾಗುವ ಯಂತ್ರವನ್ನು ರಚಿಸಿದರು. ಅದನ್ನು ಮೇಲ್ಛಾವಣಿಗೆ ತೂಗಹಾಕಬೇಕಾಗಿತ್ತು. 2012ರಲ್ಲಿ ಪಾಮರ್ ಲಕಿ ಎಂಬ ತರುಣರು ಜನರಿಂದ ಹಣ ಕೂಡಿಸಿ ಆಕ್ಯುಲಸ್ ಎಂಬುದನ್ನು ಮುಂದಿಟ್ಟರು. 2014ರಲ್ಲಿ ಫೇಸ್‌ಬುಕ್ ಕಂಪೆನಿಯವರು ಆ ಸಂಸ್ಥೆಯನ್ನೇ ಕೊಂಡುಕೊಂಡರು. 2019ರಲ್ಲಿ ಹೊರಬಂದ ಕ್ವೆಸ್ಟ್ ಎಂಬ ಯಂತ್ರಕ್ಕೆ ಬೇರೆ ಕಂಪ್ಯೂಟರೂ ಬೇಡ, ತಂತಿಯೂ ಬೇಡವೆಂದಾದ ಮೇಲೆ ಮನೆಮನೆಯ ಚಾವಡಿಗೂ ಇದರ ದಾರಿ ಸುಗಮವಾಯಿತು.

ಮೊದಲ ದಿನ ಹುಡುಗನು ನನ್ನನ್ನು ಕುರ್ಚಿಯಲ್ಲಿ ಕುಳ್ಳಿರಿಸಿ, ಬೆಟ್ಟದ ನೆತ್ತಿಯಿಂದ ಕಣಿವೆಗೆ ಧುಮುಕುವ ಬಂಡಿಯೊಂದನ್ನು ಹತ್ತಿಸಿದನು. ಎರಡು ನಿಮಿಷಗಳೊಳಗೆ ಹೊಟ್ಟೆ ತೊಳಸಿ, ಹಣೆಯಲ್ಲಿ ತಣ್ಣನೆಯ ಬೆವರು ಮೂಡಿತು. ಬಾಲ್ಯದಲ್ಲಿ ದೋಣಿಯೇರಿ ಗಂಗೊಳ್ಳಿಗೆ ಹೋಗುವಾಗ, ಅಳಿವೆಯ ಕಡೆಯ ತೆರೆ ದೋಣಿಗೆ ತಾಗಿದೊಡನೆ ಹೀಗೆಯೇ ಆಗುತ್ತಿತ್ತು. ಕಾರಣವೂ ಅದೇ, ಆದರೆ ತಿರುವುಮುರುವಾಗಿ. ದೋಣಿಯಲ್ಲಿ ಒಳಗಿವಿಯು ಅಲುಗಾಟವನ್ನು ಅರಿಯುತ್ತದೆ; ದೋಣಿಯ ಹಲಗೆಯನ್ನೇ ನೋಡುತ್ತಿರುವ ಕಣ್ಣು ‘ನಿಂತಿರುವೆ’ ಎನ್ನುತ್ತದೆ. ಇಲ್ಲಿ ಕಣ್ಣು ‘ಬಿದ್ದೆ’ ಎನ್ನುವಾಗ ಕಿವಿಯು ‘ಕುಳಿತಿರುವೆ’ ಎನ್ನುವುದು. ಎರಡು ಸಾಕ್ಷಿಗಳು ಜಗಳಾಡಿದಾಗ ದಂಡ ತೆರುವುದು ಹೊಟ್ಟೆ. ಆದುದರಿಂದ ಹೊಸಬರು ಲೋಕವೇ ಓಡುವ ಆಟಗಳನ್ನು ಬಿಟ್ಟು, ತಮ್ಮ ಕಾಲ ಮೇಲೆ ತಾವೇ ಚಲಿಸುವ ಆಟಗಳಿಂದ ತೊಡಗುವುದು ಲೇಸು.

ನಾನೂ ಹಾಗೆಯೇ ಮಾಡಿದೆನು. ಉಪಾಧ್ಯಾಯರ ತರಬೇತಿಯ ಕಾಲದಲ್ಲಿ ವಿದ್ಯಾರ್ಥಿನಿಲಯದಲ್ಲಿ ಟೇಬಲ್ ಟೆನಿಸ್ ಆಡಿದ್ದುಂಟು. ಆ ಆಟವು ಇದರಲ್ಲಿಯೂ ಇದೆಯೆಂದು ತಿಳಿದು ಆಸೆ ಹುಟ್ಟಿತು. ಹುಡುಗನು ಚಾವಡಿಯ ಕುರ್ಚಿಗಳನ್ನು ಸರಿಸಿ, ಆರೂವರೆ ಅಡಿಯ ಚಚ್ಚೌಕವನ್ನು ತೆರವು ಮಾಡಿ, ನಡುವೆ ಒಂದು ಸಣ್ಣ ಚಾಪೆಯನ್ನು ಹಾಸಿದನು. ಕಣ್ಣು ಕಟ್ಟಿದ್ದರೂ ಪಾದಕ್ಕೆ ಚಾಪೆ ತಾಗುತ್ತಿದ್ದರೆ ನಡುವಿನಲ್ಲಿದ್ದೇವೆಂದು ತಿಳಿಯುವುದಂತೆ. ಎಷ್ಟು ಬುದ್ಧಿವಂತಿಕೆಯ ಉಪಾಯ! ಬಳಿಕ ಆತನು, “ಅಜ್ಜಯ್ಯ, ಮೇಜಿಗ್ ಕೈ ಕೊಡ್ಬೇಡಿ, ಅದ್ ಇಲ್ಲೆ” ಎಂದನು. ಬೆಂಗಳೂರಿನಲ್ಲಿ ಬೆಳೆದರೂ ಮನೆಮಾತನ್ನು ಬಿಡದ ಹುಡುಗ. ನಾನು ನಕ್ಕೆನು. ಇಲ್ಲದ ಮೇಜಿನ ವಿಷಯವನ್ನು ವೇದಾಂತ ಓದಿದವನಿಗೆ ಈ ಹುಡುಗನು ಹೇಳಿಕೊಡಬೇಕೇ?

ಚೆಂಡು ಬ್ಯಾಟಿಗೆ ತಾಗಿದಾಗ ಟಕ್ಕೆಂಬ ಶಬ್ದವಾಗುವುದಲ್ಲದೆ ಕೈಯ ಹಿಡಿಯೂ ತುಸು ನಡುಗುವುದು. ಕಾಲು ಗಂಟೆಯೊಳಗೆ ನನಗೆ ಇಪ್ಪತ್ತು ವರ್ಷ ವಯಸ್ಸಾಯಿತು. ಒಂದು ದೀರ್ಘವಾದ ಹೊಡೆತದ ಸರಣಿಯಲ್ಲಿ ಗೆದ್ದು, ಏದುಸಿರು ಬಿಡುತ್ತ, ಹಿಂದೆ ಮಾಡುತ್ತಿದ್ದಂತೆಯೇ ಎಡಗೈಯನ್ನು ಮೇಜಿನ ಅಂಚಿಗೆ ಊರಿದೆನು. ಮೇಜು ಇರಲಿಲ್ಲ. ನೆಲವು ಇತ್ತು.

ಸದ್ದು ಕೇಳಿ ಮನೆಯಾಕೆಯು ಅಡಿಗೆಮನೆಯಿಂದ ಓಡಿಬಂದಳು. ಮುಖವಾಡವನ್ನು ಕಿತ್ತು ಬದಿಗಿಟ್ಟು ನಾನು ಹೇಳಿದ ಮೊದಲ ಮಾತು, “ಚಾಪೆ ಎಡವಿತು” ಎಂಬುದಾಗಿತ್ತು. ವಾಚಕರೇ, ಇದು ಶುದ್ಧವಾದ ಸುಳ್ಳು. ಮೂವತ್ತೈದು ವರ್ಷಗಳ ಕಾಲ ಮಕ್ಕಳಿಗೆ ‘ಸತ್ಯ’ ಶಬ್ದದ ವ್ಯುತ್ಪತ್ತಿಯನ್ನು ಹೇಳಿದವನ ಬಾಯಿಂದ, ಮಾನಭಂಗದ ಭಯವೊಂದರಿಂದಲೇ, ನೋವಿಗಿಂತ ಮುಂಚೆ ಹೊರಬಿದ್ದದ್ದು. ವೈದ್ಯರು ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕಿದೆಯೆಂದು ಹೇಳಿ ಪ್ಲಾಸ್ಟರು ಹಾಕಿದರು. ಅಷ್ಟರಲ್ಲಿ ಸುದ್ದಿಯು ಬೆಂಗಳೂರನ್ನು ಮುಟ್ಟಿತ್ತು. ಮಗಳು ಫೋನಿನಲ್ಲಿ ಹುಡುಗನನ್ನು ಗದರಿಸಿದಳು: ವಯಸ್ಸಾದವರ ಕಾಲಡಿಯಲ್ಲಿ ಚಾಪೆ ಹಾಸುವವರುಂಟೇ? ಯಂತ್ರವು ಕಪಾಟನ್ನು ಸೇರಿತು; ಬೀಗದ ಕೈ ಮನೆಯಾಕೆಯ ಸೊಂಟವನ್ನು ಸೇರಿತು. ಹುಡುಗನು ಎದುರು ಮಾತಾಡಲಿಲ್ಲ. ಸಂಜೆ ನನ್ನ ಬಳಿಗೆ ಬಂದು ಮೆಲ್ಲನೆ, “ಅಜ್ಜಯ್ಯ, ಚಾಪಿ ನಾನ್ ಸಮ ಹಾಕ್ಲಿಲ್ಯಾ?” ಎಂದು ಕೇಳಿದನು. ಬಿದ್ದದ್ದನ್ನು ಆತನು ಕಂಡಿದ್ದನು. ಆದರೂ ಅಜ್ಜಯ್ಯನು ಸುಳ್ಳು ಹೇಳಲಾರನೆಂಬ ನಂಬಿಕೆಯಿಂದ ತನ್ನ ಕಣ್ಣನ್ನೇ ಸಂಶಯಿಸಿದನು.

ಆ ರಾತ್ರಿ ನಿದ್ದೆ ಬರಲಿಲ್ಲ. ಮನಸ್ಸು ಶಾಸ್ತ್ರದ ಆಶ್ರಯವನ್ನು ಹುಡುಕಿತು. ಹಗ್ಗವನ್ನು ಹಾವೆಂದು ತಿಳಿದವನಿಗೆ ಇದು ಹಗ್ಗವೆಂಬ ಜ್ಞಾನವಾದೊಡನೆ ಹಾವು ಮಾಯವಾಗುವುದು; ಇದು ಎಲ್ಲರೂ ಬಲ್ಲ ದೃಷ್ಟಾಂತ. ಮೇಜು ಇಲ್ಲವೆಂಬ ಜ್ಞಾನವು ನನಗೆ ಮೊದಲೇ ಇದ್ದಿತಲ್ಲ, ಮೇಜು ಏಕೆ ಮಾಯವಾಗಲಿಲ್ಲ? ಇದಕ್ಕೂ ಹಿರಿಯರು ಉತ್ತರ ಹೇಳಿರುವರು. ಭ್ರಮೆಯಲ್ಲಿ ಸೋಪಾಧಿಕವೆಂಬ ಇನ್ನೊಂದು ಬಗೆಯುಂಟು. ದಾಸವಾಳದ ಬಳಿಯಲ್ಲಿಟ್ಟ ಸ್ಫಟಿಕವು ಬಿಳಿಯೆಂದು ಬಲ್ಲವನಿಗೂ ಕೆಂಪಾಗಿಯೇ ತೋರುತ್ತದೆ. ಹೂವನ್ನು ಸರಿಸುವ ತನಕ ತಿಳಿವಳಿಕೆಯು ಕಣ್ಣನ್ನು ತಿದ್ದಲಾರದು. ಯಂತ್ರವು ಕಣ್ಣ ಮುಂದೆ ಇರುವಷ್ಟು ಹೊತ್ತು ಪಂಡಿತನಿಗೂ ಪಾಮರನಿಗೂ ಮೇಜು ಇದ್ದೇ ಇರುವುದು. ಹೀಗೆಂದು ನನ್ನನ್ನು ನಾನೇ ಸಮರ್ಥಿಸಿಕೊಂಡು ಮಗ್ಗುಲು ಬದಲಿಸುವಾಗ ಇನ್ನೊಂದು ಮಾತು ಎದುರು ನಿಂತಿತು. ಮೇಜನ್ನು ಕಂಡದ್ದು ಯಂತ್ರದ ದೆಸೆಯಿಂದ ಸರಿ. ಚಾಪೆ ಎಡವಿತೆಂದದ್ದು ಯಾವ ಉಪಾಧಿಯಿಂದ?

ಬೆಳಿಗ್ಗೆ ಗಂಜಿಯ ಹೊತ್ತಿಗೆ, ಹುಡುಗನ ಎದುರಿನಲ್ಲಿಯೇ, ಮನೆಯಾಕೆಗೂ ಅಕ್ಕನಿಗೂ ನಡೆದುದನ್ನು ಹೇಳಿದೆನು. ಮಗಳಿಗೆ ಫೋನು ಮಾಡಿಯೂ ಹೇಳಿದೆನು. ಸ್ಫಟಿಕದ ದೃಷ್ಟಾಂತವನ್ನು ಪೂರ್ತಿ ಹೇಳಗೊಡದೆ ಮನೆಯಾಕೆಯು, “ಇಷ್ಟ್ ವರ್ಷ ಹಗ್ಗ ಹಾವಿನ ಪಾಠ ಮಾಡಿ ಇಲ್ದಿದ್ ಮೇಜಿಗೆ ಕೈ ಕೊಟ್ರಿ” ಎಂದು ನಕ್ಕು, ಬೀಗದ ಕೈಯನ್ನು ಹುಡುಗನಿಗೆ ಕೊಟ್ಟಳು. ಆತನು ನಗಲಿಲ್ಲ. ಎರಡು ದಿನ ನನ್ನೊಡನೆ ಮಾತು ಕಡಿಮೆಯಾಯಿತು. ಅದು ನ್ಯಾಯವೇ.

ಇನ್ನು ಕೇಳಿದವರಿಗೆ ಉತ್ತರ. ಯಕ್ಷಗಾನದ ರಂಗಸ್ಥಳಕ್ಕೆ ನಡುರಾತ್ರಿ ಬಣ್ಣದ ವೇಷವು ಅಬ್ಬರಿಸಿ ಬಂದಾಗ ಮಗುವು ಚೀರುವುದುಂಟು. ಆದರೆ ಅದು ಅಮ್ಮನ ಮಡಿಲಲ್ಲಿ ಕುಳಿತು ಚೀರುವುದು. ಸಾವಿರ ಜನರಿಗೆ ತೋರುವ ರಕ್ಕಸನೇ ಅದಕ್ಕೂ ತೋರುವನು. ಈ ಯಂತ್ರದೊಳಗೆ ಮಡಿಲಿಲ್ಲ. ಕಾಣುವವನೊಬ್ಬನೇ; ಅವನಿಗೆ ಮನೆ ಕಾಣದು, ಮನೆಯವರಿಗೆ ಅವನು ಕಾಣುವುದು ಏನೆಂದು ತಿಳಿಯದು. ನನ್ನ ಬೀಳುವಿಕೆಗಿಂತ ದೊಡ್ಡ ಸಂಗತಿ ನಮ್ಮ ಮನೆಯಲ್ಲಿ ನಡೆದದ್ದು ಹೀಗೆಯೇ. ಒಂದು ದಿನ ಹುಡುಗನು ಇಂಗ್ಲಿಷಿನಲ್ಲಿ ಯಾರಿಗೋ ತನ್ನ ವಯಸ್ಸನ್ನೂ ಊರನ್ನೂ ಹೇಳುತ್ತಿದ್ದುದು ಅಕ್ಕನ ಕಿವಿಗೆ ಬಿತ್ತು. “ಯಾರ್ ಹತ್ರ ಮಾತಾಡ್ತೆ ಮಗಾ?” ಎಂದು ಕೇಳಿದರೆ ಅವನಿಗೂ ಗೊತ್ತಿಲ್ಲ, ಆಟದಲ್ಲಿ ಎದುರಾದ ಅಪರಿಚಿತ ಧ್ವನಿ. ಮಗಳಿಗೆ ತಿಳಿಸಿದ ಮೇಲೆ ಅವಳು ತನ್ನ ಫೋನಿನಿಂದಲೇ ಆ ಬಾಗಿಲನ್ನು ಮುಚ್ಚಿದಳು. ತಂದೆತಾಯಿಗಳ ಹತೋಟಿಯ ಈ ವ್ಯವಸ್ಥೆಯನ್ನು ಯಂತ್ರ ತಂದ ದಿನವೇ ಮಾಡಿಕೊಳ್ಳತಕ್ಕದ್ದು.

ವಯಸ್ಸಿನ ವಿಚಾರದಲ್ಲಿ ತಯಾರಕರೇ ಒಮ್ಮತದಲ್ಲಿಲ್ಲ. ಸೋನಿಯವರು ತಮ್ಮ ಪ್ಲೇಸ್ಟೇಷನ್ ವೀಆರ್ ಯಂತ್ರವು 12 ವರ್ಷದೊಳಗಿನವರಿಗೆ ಸಲ್ಲದೆಂದರು. ಮೆಟಾ ಎಂದು ಹೆಸರು ಬದಲಿಸಿಕೊಂಡ ಹಿಂದಿನ ಫೇಸ್‌ಬುಕ್‌ನವರು 13 ಎನ್ನುತ್ತಿದ್ದವರು, 2023ರಲ್ಲಿ ತಂದೆತಾಯಿಗಳು ನಡೆಸುವ ಖಾತೆಯ ಮೂಲಕವಾದರೆ 10 ಸಾಕೆಂದರು. ಮೂರು ವರ್ಷಗಳಷ್ಟು ಇಳಿದದ್ದು ಮಕ್ಕಳ ಕಣ್ಣು ಗಟ್ಟಿಯಾದುದರಿಂದಲೋ ವ್ಯಾಪಾರದ ಸಲುವಾಗಿಯೋ ನೀವೇ ಊಹಿಸಿರಿ. ಕಣ್ಣಿಗೆ ದಣಿವಾಗುವುದಂತೂ ನಿಜ. ಕಣ್ಣುಗಳೆರಡೂ ಸಮೀಪದ ವಸ್ತುವಿನ ಕಡೆಗೆ ಒಳಮುಖವಾಗಿ ಹೊರಳಿದರೂ, ಒಳಗಿನ ಮಸೂರವು ಮಾತ್ರ ಒಂದೇ ದೂರಕ್ಕೆ ಹೊಂದಿಕೊಂಡಿರಬೇಕಾಗುವುದು. ಹುಟ್ಟಿದಂದಿನಿಂದ ಜೊತೆಯಲ್ಲಿ ನಡೆದ ಎರಡು ಕೆಲಸಗಳನ್ನು ಬೇರ್ಪಡಿಸಿದಂತಾಯಿತು. ನಮ್ಮಲ್ಲಿ ಒಮ್ಮೆಗೆ ಅರ್ಧ ಗಂಟೆ ಎಂದು ನಿಶ್ಚಯಿಸಿದೆವು. ಊಟವಾದ ಕೂಡಲೆ ಇಲ್ಲ.

ಒಳಗೆ ಕಾಣುವ ಚಿತ್ರವನ್ನು ಟೀವಿಯ ಪರದೆಯ ಮೇಲೂ ತೋರಿಸಬಹುದೆಂದು ಹುಡುಗನು ಕಂಡುಹಿಡಿದ ಮೇಲೆ ಮನೆಯ ಸ್ಥಿತಿಯೇ ಬದಲಾಯಿತು. ಒಬ್ಬನು ಆಡುವನು, ಉಳಿದವರು ನೋಡುವರು. ಕಾಲುನೋವಿನಿಂದ ಹೊಸ್ತಿಲು ದಾಟದ ಎಪ್ಪತ್ತೆರಡರ ಅಕ್ಕನು ಕಾವಲಿನ ಕುರ್ಚಿಯಲ್ಲಿ ಕುಳಿತು, ಆತನು ಗೋಡೆಯ ಬಳಿಗೆ ಸರಿದರೆ ಕೂಗುವಳು. ಗೋಡೆ ಸಮೀಪಿಸಿದಾಗ ಯಂತ್ರವು ತಾನಾಗಿ ಗೆರೆಗಳ ಬಲೆಯೊಂದನ್ನು ಕಾಣಿಸಿ ಎಚ್ಚರಿಸುವುದಾದರೂ ಅಕ್ಕನ ಧ್ವನಿಯೇ ಮೊದಲು ಮುಟ್ಟುವುದು.

ಹುಡುಗನು ಇನ್ನೂ ಒಂದು ಕೆಲಸ ಮಾಡಿರುವನು. ಆಡುವವನಿಗೆ ಮೇಜು ಎಲ್ಲಿ ತೋರುತ್ತದೆಂದು ನೋಡುವವರಿಗೆ ತಿಳಿದಿದ್ದರೆ ತಡೆಯಬಹುದೆಂದು, ಚಾವಡಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಅದರ ನಾಲ್ಕು ಅಂಚುಗಳನ್ನು ಗೆರೆಯೆಳೆದು ಗುರುತಿಸಿರುವನು. ಮನೆಯಾಕೆಯು ಅದರ ಮೇಲೆಯೇ ಗುಡಿಸುವಳು. ಅಕ್ಕನು ಮಾತ್ರ ಊರುಗೋಲನ್ನು ಊರಿಕೊಂಡು ಊಟಕ್ಕೆ ಹೋಗುವಾಗ ಅದನ್ನು ಸುತ್ತುಹಾಕಿಕೊಂಡು ಹೋಗುತ್ತಿರುವಳು.