ತುಘಲಕನಿಗೆ ನಾವು ಮಾಡಿದ ಅನ್ಯಾಯ

ಯಾವುದಾದರೂ ಸರಕಾರ ತಲೆಬುಡವಿಲ್ಲದ ಆಜ್ಞೆ ಹೊರಡಿಸಿತೆಂದರೆ ನಾವು ಕನ್ನಡಿಗರು ಥಟ್ಟನೆ ಆಡುವ ಮಾತು 'ತುಘಲಕ್ ದರ್ಬಾರು'. ಗಿರೀಶ ಕಾರ್ನಾಡರು 1964ರ ತಮ್ಮ ನಾಟಕದಲ್ಲಿ ಆ ಸುಲ್ತಾನನೊಳಗಿನ ಕನಸುಗಾರನನ್ನೂ ಕ್ರೂರಿಯನ್ನೂ ಒಟ್ಟಿಗೆ ತೋರಿಸಿದರು. ಆದರೂ ಬೀದಿಯ ಮಾತಿನಲ್ಲಿ ಉಳಿದದ್ದು ಹುಚ್ಚು ದೊರೆ ಮಾತ್ರ. ಅವನ ಪರವಾಗಿ ವಕಾಲತ್ತು ವಹಿಸುವ ಇರಾದೆ ನಮಗಿಲ್ಲ. ಅವನ ಹೆಸರು ನಮ್ಮ ಹೆಸರುಗಳಂತೆ ಕೇಳಿಸುತ್ತದೆಂಬ ಕಾರಣಕ್ಕೆ ಅವನ ತಪ್ಪುಗಳನ್ನು ಹೊರುವ ಹಂಗೂ ನಮಗಿಲ್ಲ. ಆದರೆ ಒಂದು ವಿಷಯದಲ್ಲಿ ಅವನಿಗೆ ಅನ್ಯಾಯವಾಗಿದೆ.

1325ರಿಂದ 1351ರವರೆಗೆ ಆಳಿದ ಮುಹಮ್ಮದ್ ಬಿನ್ ತುಘಲಕ್, ಬೆಳ್ಳಿಯ ನಾಣ್ಯದ ಬೆಲೆಯನ್ನೇ ಹಿತ್ತಾಳೆ, ತಾಮ್ರದ ನಾಣ್ಯಕ್ಕೆ ಕೊಟ್ಟು ಚಲಾವಣೆಗೆ ತಂದ. ಖೋಟಾ ನಾಣ್ಯಗಳು ಮನೆಮನೆಯಲ್ಲೂ ತಯಾರಾದವು. ವ್ಯಾಪಾರ ಕೆಟ್ಟಿತು. ಆಗ ಆತ ಏನು ಮಾಡಿದ? ಯೋಜನೆಯನ್ನು ಹಿಂದಕ್ಕೆ ಪಡೆದ. ಆ ನಾಣ್ಯ ತಂದವರಿಗೆ ಖಜಾನೆಯಿಂದ ಬೆಳ್ಳಿ ಬಂಗಾರ ಕೊಟ್ಟ. ವಾಪಸಾದ ನಾಣ್ಯಗಳು ತುಘಲಕಾಬಾದಿನಲ್ಲಿ ಗುಡ್ಡೆಗುಡ್ಡೆಯಾಗಿ ಬಿದ್ದಿದ್ದವೆಂದು ಅವನ ಕಾಲದ ಇತಿಹಾಸಕಾರ ಜಿಯಾವುದ್ದೀನ್ ಬರನಿ ಬರೆದಿದ್ದಾನೆ. ದೌಲತಾಬಾದಿಗೆ ಬಲವಂತದಿಂದ ಸಾಗಿಸಿದ ಜನರಿಗೂ ಕೆಲವು ವರ್ಷಗಳ ಮೇಲೆ ದೆಹಲಿಗೆ ಮರಳಲು ಅನುಮತಿ ಸಿಕ್ಕಿತು. ಅಷ್ಟರಲ್ಲಿ ಎಷ್ಟೋ ಜೀವಗಳು ಹೋಗಿದ್ದವು, ಅದು ನಿಜ. ಆದರೆ ನಾಣ್ಯದ ವಿಷಯದಲ್ಲಿ ಅವನು ತನ್ನ ಸೋಲಿನ ದಂಡವನ್ನು ತನ್ನ ಬೊಕ್ಕಸದಿಂದಲೇ ತೆತ್ತ.

ಈಗ 2016ರ ನವೆಂಬರ್ 8ರ ರಾತ್ರಿಯನ್ನು ನೆನೆಯೋಣ. 500 ಮತ್ತು 1000 ರೂಪಾಯಿಯ ನೋಟುಗಳು ಕೆಲವೇ ಗಂಟೆಗಳಲ್ಲಿ ಬರೀ ಕಾಗದವಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಅವುಗಳ ಪಾಲು ಶೇ. 86. ಕಪ್ಪುಹಣ, ಖೋಟಾನೋಟು, ಭಯೋತ್ಪಾದನೆ ಮೂರಕ್ಕೂ ಇದೇ ಮದ್ದೆಂದು ಹೇಳಲಾಯಿತು. ಪ್ರಧಾನಿ ಐವತ್ತು ದಿನಗಳ ಕಾಲಾವಕಾಶ ಕೇಳಿದರು. ಕರಾವಳಿಯಲ್ಲಿ ಬೀಡಿ ಕಟ್ಟುವ ಹೆಂಗಸರ ಮಜೂರಿ, ತಳ್ಳುಗಾಡಿಯವನ ದಿನದ ಬಂಡವಾಳ, ಗಂಡನಿಗೂ ಹೇಳದೆ ತಾಯಂದಿರು ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟ ನೋಟು, ಎಲ್ಲವೂ ಬ್ಯಾಂಕಿನ ಮುಂದೆ ಸಾಲು ನಿಂತವು. ಬದಲಾಯಿಸಿಕೊಳ್ಳುವ ಮಿತಿ 4000 ಇದ್ದದ್ದು 4500 ಆಯಿತು, ಮತ್ತೆ 2000ಕ್ಕಿಳಿಯಿತು, ನವೆಂಬರ್ 24ಕ್ಕೆ ಅದೂ ನಿಂತಿತು. ನಿಯಮಗಳು ದಿನದಿನಕ್ಕೂ ಬದಲಾದವು, ಬದಲಾಗದೆ ಉಳಿದದ್ದು ಆಳುವವರ ಮನಸ್ಸು ಮಾತ್ರ.

ಫಲಿತಾಂಶವನ್ನು ವಿರೋಧ ಪಕ್ಷದವರಿಂದ ಕೇಳಬೇಕಾಗಿಲ್ಲ. ರದ್ದಾದ 15.41 ಲಕ್ಷ ಕೋಟಿ ರೂಪಾಯಿಯಲ್ಲಿ 15.31 ಲಕ್ಷ ಕೋಟಿ ಮರಳಿ ಬಂದಿದೆಯೆಂದು ರಿಸರ್ವ್ ಬ್ಯಾಂಕೇ 2018ರಲ್ಲಿ ಹೇಳಿತು. ಹಾಗಾದರೆ ನದಿಗೆಸೆಯಲ್ಪಡಬೇಕಾಗಿದ್ದ ಕಪ್ಪುಹಣ ಎಲ್ಲಿ ಹೋಯಿತು? ಈ ಪ್ರಶ್ನೆ ಏಳುವ ಮೊದಲೇ ಗುರಿ ಬದಲಾಗಿತ್ತು. ನಗದುರಹಿತ ವ್ಯವಹಾರವೇ ಉದ್ದೇಶವೆಂದರು. ರದ್ದತಿಗೆ ಮುನ್ನ 18 ಲಕ್ಷ ಕೋಟಿಯ ಆಸುಪಾಸಿನಲ್ಲಿದ್ದ ನೋಟುಗಳ ಚಲಾವಣೆ 2022ರ ಮಾರ್ಚ್ ವೇಳೆಗೆ 31 ಲಕ್ಷ ಕೋಟಿ ದಾಟಿತ್ತು. ಅಂದು ಹೊಸದಾಗಿ ತಂದ 2000ದ ನೋಟನ್ನು 2023ರ ಮೇ ತಿಂಗಳಲ್ಲಿ ಸದ್ದಿಲ್ಲದೆ ಹಿಂಪಡೆದರು. ತಪ್ಪಾಯಿತೆಂಬ ಒಂದು ಮಾತು ಮಾತ್ರ ಹೊರಬರಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು!

2023ರ ಜನವರಿ 2ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದರ ಬಹುಮತದಿಂದ ಆ ಕ್ರಮವನ್ನು ಎತ್ತಿಹಿಡಿದದ್ದು ನಿಜ. ಆದರೆ ಕ್ರಮ ಕಾನೂನುಬದ್ಧ ಎನ್ನುವುದು ಬೇರೆ, ಕ್ರಮ ಸಫಲ ಎನ್ನುವುದು ಬೇರೆ. ಆ ಒಂದು ಭಿನ್ನ ದನಿ ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರದು. ಇಂಥ ತೀರ್ಮಾನ ಸಂಸತ್ತಿನ ಮೂಲಕ ಬರಬೇಕಿತ್ತೆಂದು ಅವರು ಬರೆದರು. ಸಂಸತ್ತಿನಲ್ಲಿ ಚರ್ಚೆಯಾಗಿದ್ದರೆ ಸಾಸಿವೆ ಡಬ್ಬಿಯ ಪರವಾಗಿ ಒಬ್ಬರಾದರೂ ಎದ್ದು ನಿಲ್ಲುತ್ತಿದ್ದರಲ್ಲವೆ?

ನಾಯಕರು ಹೀಗೇಕೆ ಹಠ ಹಿಡಿಯುತ್ತಾರೆ? ಉತ್ತರಕ್ಕಾಗಿ ನಾವು ನಮ್ಮನ್ನೇ ನೋಡಿಕೊಳ್ಳಬೇಕಾಗುತ್ತದೆ. 2021ರ ನವೆಂಬರ್ 19ರಂದು ಕೃಷಿ ಕಾಯ್ದೆಗಳನ್ನು ಹಿಂಪಡೆಯುವ ಘೋಷಣೆಯಾದಾಗ ಬೆಂಬಲಿಗರು ಅದನ್ನು ದೌರ್ಬಲ್ಯವೆಂದು ಕೊರಗಿದರು, ವಿರೋಧಿಗಳು ಸೋತನೆಂದು ಕುಣಿದರು. ಒಂದು ವರ್ಷದ ಹಿಂದೆಯೇ ಹೀಗೆ ಮಾಡಿದ್ದರೆ ಎಷ್ಟು ರೈತರ ಜೀವ ಉಳಿಯುತ್ತಿತ್ತೆಂದು ಲೆಕ್ಕ ಕೇಳಿದವರು ಕಡಿಮೆ. ಹಿಂದೆ ಸರಿದವನನ್ನು ಹೇಡಿಯೆನ್ನುವ, ಹಠ ಹಿಡಿದವನನ್ನು ಗಂಡೆದೆಯವನೆನ್ನುವ ಸಮಾಜದಲ್ಲಿ ತಿದ್ದಿಕೊಳ್ಳುವ ನಾಯಕ ಹುಟ್ಟುವುದಾದರೂ ಹೇಗೆ? ಇದು ಒಂದೇ ಪಕ್ಷದ ರೋಗವಲ್ಲ, ಒಂದೇ ಸಮುದಾಯದ ರೋಗವೂ ಅಲ್ಲ. ನಮ್ಮ ಮೊಹಲ್ಲಾದ ಕಮಿಟಿಗಳಲ್ಲೂ ಕೈಗೊಂಡ ತಪ್ಪು ತೀರ್ಮಾನವನ್ನು ಬದಲಿಸಿದ ಅಧ್ಯಕ್ಷನಿಗೆ ಮುಂದಿನ ಸಲ ಮತ ಸಿಗುವುದಿಲ್ಲ.

ಆಳುವವರು ತಪ್ಪು ಮಾಡಬಾರದೆಂದು ನಾವು ಹೇಳುತ್ತಿಲ್ಲ. ತಪ್ಪಿನ ಬೆಲೆಯನ್ನು ಬೀಡಿ ಕಟ್ಟುವವಳ ತಲೆಗೆ ಕಟ್ಟಿ ತಾವು ಗೆದ್ದೆವೆಂದು ಬೀಗಬಾರದು, ಇಷ್ಟೇ. ಏಳು ಶತಮಾನಗಳ ಹಿಂದೆ, ಚುನಾವಣೆಯ ಭಯವಿಲ್ಲದ ಒಬ್ಬ ನಿರಂಕುಶ ದೊರೆ ತನ್ನ ಕೆಟ್ಟ ನಾಣ್ಯಕ್ಕೆ ಒಳ್ಳೆಯ ಬೆಳ್ಳಿ ಕೊಟ್ಟು ಹಿಂದೆ ಸರಿದ. ನಾವೇ ಮತ ಹಾಕಿ ಕೂರಿಸಿದವರಿಂದ ಅಷ್ಟೂ ಆಗುತ್ತಿಲ್ಲ. ಇನ್ನು ಮುಂದೆ ಇಂಥ ಆಡಳಿತಕ್ಕೆ ಬೇರೆ ಹೆಸರು ಹುಡುಕೋಣ. ತುಘಲಕನನ್ನು ಇದಕ್ಕೆ ಎಳೆಯುವುದು ಬೇಡ.