ಡೇಕೇರ್ ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆ

ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ದಾಖಲೆ ನೋಡದೆ ನಾನು ಯಾವ ಕಡತಕ್ಕೂ ಸಹಿ ಹಾಕಿದವನಲ್ಲ. ಆದರೆ ಕಳೆದ ವರ್ಷ ಹತ್ತು ವಾರದ ನಾಯಿಮರಿಯನ್ನು ಬೆಂಗಳೂರಿನ ಡೇಕೇರ್ ಕೇಂದ್ರವೊಂದಕ್ಕೆ ಒಪ್ಪಿಸಿ ಬರುವಾಗ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವರೂ ನನ್ನನ್ನು ಏನೂ ಕೇಳಲಿಲ್ಲ. ಹಣ ಪಡೆದು ರಸೀದಿ ಕೊಟ್ಟರು.

ಮರಿಯನ್ನು ತಂದವರು ಮಗ ಮತ್ತು ಸೊಸೆ. ಇಬ್ಬರೂ ಬೆಳಿಗ್ಗೆ ಕಚೇರಿಗೆ ಹೋದರೆ ಹಿಂದಿರುಗುವುದು ರಾತ್ರಿ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದ ಪತ್ನಿಯ ಆರೈಕೆಯಲ್ಲಿದ್ದ ನನಗೆ ಮರಿಯ ಹಿಂದೆ ಓಡಾಡುವುದು ಸಾಧ್ಯವಿರಲಿಲ್ಲ. ಹೀಗಾಗಿ ಡೇಕೇರ್ ನಮಗೆ ಅನಿವಾರ್ಯವಾಗಿತ್ತು. ಐದನೆಯ ದಿನ ಮರಿ ಆಹಾರ ಬಿಟ್ಟಿತು. ವಾಂತಿ, ರಕ್ತಭೇದಿ ಆರಂಭವಾದವು. ಪಶುವೈದ್ಯರು ಪರೀಕ್ಷಿಸಿ ಪಾರ್ವೊ ಎಂದರು. ನಾಲ್ಕು ದಿನ ಡ್ರಿಪ್ ಹಾಕಿಸಿಕೊಂಡು ಅದು ಬದುಕಿತು. ಸೋಂಕು ಆ ಕೇಂದ್ರದಿಂದಲೇ ಬಂತೆಂದು ನಾನು ಸಾಧಿಸಲಾರೆ. ಆದರೆ ಲಸಿಕೆ ಪೂರ್ಣಗೊಳ್ಳದ ಮರಿಯನ್ನು ಹತ್ತಾರು ನಾಯಿಗಳ ನಡುವೆ ಬಿಟ್ಟದ್ದು ನನ್ನದೇ ತಪ್ಪು.

ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಅದರ ವಿರುದ್ಧದ ಲಸಿಕೆಯನ್ನು 6ರಿಂದ 8ನೆಯ ವಾರದಲ್ಲಿ ಆರಂಭಿಸಿ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ, 16 ವಾರ ತುಂಬುವವರೆಗೆ ಕೊಡಿಸಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಮೊದಲ ಡೋಸುಗಳನ್ನು ನಿಷ್ಫಲಗೊಳಿಸಬಹುದಾದ್ದರಿಂದಲೇ ಈ ಪುನರಾವರ್ತನೆ. ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದ ಮೇಲೆ. ನಾಯಿಗಳು ಗುಂಪಾಗಿರುವೆಡೆ ಹರಡುವ ಕೆಮ್ಮಿಗೂ ಲಸಿಕೆಯುಂಟು.

ಆದರೆ ಇಲ್ಲಿ ಒಂದು ತೊಡಕಿದೆ. ಮರಿಯು ಹೊರಜಗತ್ತನ್ನು ನಿರ್ಭಯವಾಗಿ ಒಪ್ಪಿಕೊಳ್ಳುವ ಕಾಲ ಸುಮಾರು 3ರಿಂದ 14ನೆಯ ವಾರದವರೆಗೆ ಮಾತ್ರ. ಲಸಿಕೆ ಮುಗಿಯುವ ತನಕ ಮನೆಯೊಳಗೇ ಕೂಡಿಟ್ಟರೆ ಆ ಕಾಲ ಕಳೆದುಹೋಗುತ್ತದೆ. ಇದಕ್ಕೆ ಪರಿಹಾರ ಸರಳವಾದದ್ದು: ನೆಲಕ್ಕೆ ಬಿಡದೆ, ಎತ್ತಿಕೊಂಡೇ ಬೀದಿಯನ್ನು ತೋರಿಸುವುದು. ಆಟೋ, ಕಸದ ಗಾಡಿ, ಛತ್ರಿ ಹಿಡಿದವರು, ಸಮವಸ್ತ್ರದ ಮಕ್ಕಳು ಎಲ್ಲವೂ ಅದರ ಕಣ್ಣು ಕಿವಿಗಳಿಗೆ ಬೀಳಲಿ. ಮನೆಗೆ ಬಂದ ಅತಿಥಿಗಳ ಕೈಯಿಂದ ತಿನ್ನಲಿ. ಪಂಜ, ಕಿವಿ, ಬಾಯಿಗಳನ್ನು ಮುಟ್ಟಿಸಿಕೊಳ್ಳುವ ಅಭ್ಯಾಸವಾಗಲಿ. ಲಸಿಕೆ ಪಡೆದ, ಆರೋಗ್ಯವಂತವಾದ ಪರಿಚಿತ ನಾಯಿಯೊಂದರ ಒಡನಾಟವೂ ಸಿಗಲಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅಗಲಿಕೆಯ ಪಾಠ. ಮರಿ ಚೇತರಿಸಿಕೊಂಡ ಮೇಲೆ ನಾವು ಅದನ್ನು ಕೋಣೆಯಲ್ಲಿ ಬಿಟ್ಟು ಮೊದಲು ಎರಡು ನಿಮಿಷ, ಬಳಿಕ ಹತ್ತು ನಿಮಿಷ, ಅನಂತರ ಅರ್ಧ ಗಂಟೆ ಹೊರಗಿದ್ದೆವು. ಹೋಗುವಾಗ ಮುದ್ದಾಟವಿಲ್ಲ, ಬಂದಾಗ ಸಂಭ್ರಮವಿಲ್ಲ. ಲಸಿಕೆಗಳು ಮುಗಿದು ವೈದ್ಯರು ಒಪ್ಪಿದ ಬಳಿಕ ಬೇರೊಂದು ಕೇಂದ್ರಕ್ಕೆ ಮೊದಲ ದಿನ ಒಂದು ಗಂಟೆ, ಮುಂದೆ ಅರ್ಧ ದಿನ, ಕೊನೆಗೆ ಪೂರ್ತಿ ದಿನ ಕಳುಹಿಸಿದೆವು. ಎಳೆಯ ಮರಿ ದಿನದ ಬಹುಪಾಲು ನಿದ್ರಿಸಬೇಕು. ಆದ್ದರಿಂದ ಆಟದ ಬಯಲಿಗಿಂತ ಮುಂಚೆ ಮಲಗಿಸುವ ಜಾಗವನ್ನು ನೋಡಬೇಕು. ಒಬ್ಬ ಸಿಬ್ಬಂದಿಗೆ ಎಷ್ಟು ನಾಯಿಗಳು, ದೊಡ್ಡವನ್ನೂ ಮರಿಗಳನ್ನೂ ಬೇರೆಬೇರೆ ಇಡುತ್ತಾರೆಯೇ, ತುರ್ತಿಗೆ ವೈದ್ಯರು ಯಾರು ಎಂದೂ ಕೇಳಬೇಕು.

ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆ ಹೇಗೆ ಕೆಡುತ್ತದೆಂಬುದನ್ನು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ನಿದರ್ಶನದಿಂದ ವಿವರಿಸಿದರು. ಡೇಕೇರಿನ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನಾಗುತ್ತದೆಂದು ನಮಗೂ ತಿಳಿಯದು. ಹೇಳಲು ಮರಿಗೆ ಬಾಯಿಲ್ಲ. ಆದರೆ ಒಂದು ಸೂಚನೆ ಮಾತ್ರ ಬಾಗಿಲಲ್ಲೇ ಸಿಗುತ್ತದೆ. ನಮ್ಮ ಮರಿಯ ಲಸಿಕೆ ಕಾರ್ಡನ್ನು ಕೇಳದ ಕೇಂದ್ರ ಬೇರೆಯವರ ಕಾರ್ಡನ್ನೂ ಕೇಳಿರಲಾರದು.

ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದು. ಅದರಡಿ ನಾಯಿ ಸಾಕಣೆದಾರರಿಗೆ 2017ರಲ್ಲಿ, ಸಾಕುಪ್ರಾಣಿ ಅಂಗಡಿಗಳಿಗೆ 2018ರಲ್ಲಿ ನಿಯಮಗಳು ಬಂದವು. ಎರಡರ ಗಮನವೂ ಮಾರಾಟದ ಮೇಲೆ. ಹಗಲಿಡೀ ನೋಡಿಕೊಳ್ಳುವ ಸೇವೆಗಾಗಿ ರಚಿಸಿದವಲ್ಲ. ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ. ವ್ಯಾಪಾರ ಪರವಾನಗಿ ಕೊಡುವಾಗ ಲಸಿಕೆ ದಾಖಲೆಯ ಪುಸ್ತಕ, ಸಿಬ್ಬಂದಿಯ ಸಂಖ್ಯೆ, ಪಶುವೈದ್ಯರ ಹೆಸರು, ಈ ಮೂರನ್ನು ಷರತ್ತಾಗಿಸಿದರೆ ನಗರಾಡಳಿತಕ್ಕೆ ಅಷ್ಟೇ ಸಾಕು.

ನಮ್ಮ ನಾಯಿಗೆ ಈಗ ಒಂದೂವರೆ ವರ್ಷ. ವಾರಕ್ಕೆರಡು ದಿನ ಬಾಲವಾಡಿಸುತ್ತಲೇ ಹೋಗುತ್ತದೆ. ಈಚೆಗೆ ರೇಬಿಸ್ ಮರುಲಸಿಕೆ ತಡವಾಯಿತೆಂದು ಆ ಕೇಂದ್ರದವರು ಗೇಟಿನಿಂದಲೇ ನಮ್ಮನ್ನು ಹಿಂದಕ್ಕೆ ಕಳುಹಿಸಿದರು. ಸೊಸೆಗೆ ಅಂದು ರಜೆ ಹಾಕಬೇಕಾಯಿತು. ಅವಳಿಗೆ ಕೊಂಚ ಬೇಸರವಾದರೂ, ಕೇಂದ್ರವನ್ನು ಬದಲಿಸುವ ಮಾತು ಮನೆಯಲ್ಲಿ ಯಾರಿಂದಲೂ ಬರಲಿಲ್ಲ.